ಶಾಸ್ತ್ರದಾನ ಮತ್ತು ಸ್ತ್ರೀಯರು: ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಆಹಾರ, ಔಷಧ, ಅಭಯ ಮತ್ತು ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕ ಧರ್ಮದ ಆಧಾರಸ್ತಂಭಗಳು. ಆಹಾರದಾನವು ಅಂದಿನ ಹಸಿವನ್ನು ನೀಗುತ್ತದೆ. ಔಷಧದಾನವು ಬಂದ ರೋಗವನ್ನು ಕಳೆಯುತ್ತದೆ. ಅಭಯದಾನವು ಒದಗಿದ ಭೀತಿಯನ್ನು ದೂರ ಮಾಡುತ್ತದೆ. ಶಾಸ್ತ್ರದಾನವಾದರೋ, ಕೊಟ್ಟವರು ಮತ್ತು ಕೊಂಡವರು ಇಬ್ಬರೂ ಅಳಿದ ಮೇಲೆಯೂ ಫಲ ಕೊಡುತ್ತಲೇ ಇರುತ್ತದೆ. ಕನ್ನಡ ನಾಡಿನಲ್ಲಿ ಈ ನಾಲ್ಕನೆಯ ದಾನದ ಇತಿಹಾಸವನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗ್ರಂಥಗಳನ್ನು ರಚಿಸಿದವರ ಪಟ್ಟಿಯಲ್ಲಿ ಪುರುಷರ ಹೆಸರುಗಳೇ ತುಂಬಿವೆ. ಗ್ರಂಥಗಳನ್ನು ಬರೆಯಿಸಿ, ಪ್ರತಿ ಮಾಡಿಸಿ, ಉಳಿಸಿದವರ ಪಟ್ಟಿಯಲ್ಲಿ ಸ್ತ್ರೀಯರ ಹೆಸರುಗಳು ಮೇಲ್ಪಂಕ್ತಿಯಲ್ಲಿವೆ.

ಪುಸ್ತಕ, ಸಂಸ್ಕೃತಿ ಮತ್ತು ಸಾಮಾಜಿಕ ನ್ಯಾಯಗಳನ್ನು ಸ್ತ್ರೀಯ ದೃಷ್ಟಿಯಿಂದ ನೋಡುವ ಕ್ರಮಕ್ಕೆ ಈಚಿನ ದಶಕಗಳಲ್ಲಿ ಸ್ತ್ರೀವಾದಿ ವಿಮರ್ಶೆ ಎಂಬ ಹೆಸರು ಬಂದಿದೆ. ಆ ಹೆಸರನ್ನು ಕೇಳಿ ಕೆಲವರು ಹುಬ್ಬೇರಿಸುವುದುಂಟು. ಆದರೆ ಅದು ಕೇಳುವ ಪ್ರಶ್ನೆಗಳು ಸರಳವಾದುವು: ಬರೆಯಿಸಿದವರು ಯಾರು? ಅದಕ್ಕೆ ದ್ರವ್ಯ ಯಾರದು? ಓದಲು ಯಾರಿಗೆ ಕಲಿಸಲಾಯಿತು, ಯಾರಿಗೆ ಕಲಿಸಲಿಲ್ಲ? ವಸ್ತುವನ್ನು ಅನೇಕ ದೃಷ್ಟಿಗಳಿಂದ ನೋಡಬೇಕೆಂಬ ಅನೇಕಾಂತದ ಮಕ್ಕಳಿಗೆ ಈ ಪ್ರಶ್ನೆಗಳು ಅಪರಿಚಿತವಾಗಬಾರದು.

ಒಂದು ಮನೆ, ಇಬ್ಬರು ಸಹೋದರಿಯರು

ಹತ್ತನೆಯ ಶತಮಾನದ ಉತ್ತರಾರ್ಧವು ಕನ್ನಡ ನಾಡಿಗೆ ಕ್ಷೋಭೆಯ ಕಾಲ. 972ರಲ್ಲಿ ಪರಮಾರ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಚಾಲುಕ್ಯ ಎರಡನೆಯ ತೈಲಪನು ರಾಜ್ಯವನ್ನು ವಶಪಡಿಸಿಕೊಂಡನು. ಕವಿಗಳಿಗೂ ಬಸದಿಗಳಿಗೂ ಆಶ್ರಯವಾಗಿದ್ದ ಒಂದು ದೊಡ್ಡ ಮನೆತನ ಅಸ್ತಂಗತವಾಯಿತು.

ಈ ಸಂಧಿಕಾಲದಲ್ಲಿ ಬಾಳಿದವಳು ಅತ್ತಿಮಬ್ಬೆ. ಅವಳ ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ಮಲ್ಲಪಯ್ಯ ಮತ್ತು ಅವನ ಸಹೋದರ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರ ದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಗ್ರಂಥಪ್ರೀತಿ ಅವಳಿಗೆ ತೌರಿನಿಂದಲೇ ಬಂದ ಬಳುವಳಿ. ತೈಲಪನ ದಂಡನಾಯಕ ಧಲ್ಲಪನ ಮಗನಾದ ನಾಗದೇವನಿಗೆ ಅತ್ತಿಮಬ್ಬೆ ಮತ್ತು ಅವಳ ತಂಗಿ ಗುಂಡಮಬ್ಬೆ ಇಬ್ಬರನ್ನೂ ಕೊಟ್ಟು ವಿವಾಹ ಮಾಡಲಾಯಿತು. ನಾಗದೇವನು ಯುದ್ಧದಲ್ಲಿ ಮಡಿದನು. ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕನ್ನು ಆಯ್ದುಕೊಂಡಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು, ವ್ರತನಿಷ್ಠೆಯಿಂದ ಧರ್ಮಕಾರ್ಯಗಳಲ್ಲಿ ತೊಡಗಿದಳು.

ಒಂದೇ ತಾಯಿಯ ಮಕ್ಕಳು, ಒಂದೇ ಮನೆಗೆ ಸೇರಿದವರು, ಒಂದೇ ದಿನ ವೈಧವ್ಯವನ್ನು ಕಂಡವರು. ಒಬ್ಬಳ ದಾರಿ ಚಿತೆಯಲ್ಲಿ ಮುಗಿಯಿತು. ಇನ್ನೊಬ್ಬಳ ದಾರಿ ಸಾವಿರ ಗ್ರಂಥಗಳವರೆಗೆ ಸಾಗಿತು. ನಮ್ಮ ಸಭೆಗಳಲ್ಲಿ ಈ ಕಥೆಯನ್ನು ಹೇಳುವಾಗ ತಂಗಿಯ ಸಹಗಮನವನ್ನು ತ್ಯಾಗವೆಂದೂ ಅಕ್ಕನ ಬಾಳನ್ನು ಔದಾರ್ಯವೆಂದೂ ಒಂದೇ ಉಸಿರಿನಲ್ಲಿ ಹೊಗಳಿಬಿಡುವ ರೂಢಿಯಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ವಿವರಿಸುವಾಗ, ಪುಣ್ಯವೆಂದು ನಂಬಿ ನದೀಸಾಗರಗಳಲ್ಲಿ ಮೀಯುವುದು ಮತ್ತು ಗಿರಿಯಿಂದ ಧುಮುಕುವುದರ ಜೊತೆಯಲ್ಲಿ ಅಗ್ನಿಪ್ರವೇಶವನ್ನೂ ಸೇರಿಸಿದ್ದಾರೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜದ ಪ್ರತಿಷ್ಠಿತ ಮನೆಯೊಂದರಲ್ಲಿಯೇ ಯುವತಿಯೊಬ್ಬಳು ಬೆಂಕಿಗೆ ಬಿದ್ದಳು ಎಂಬುದು ವಿಷಾದದ ಸಂಗತಿಯೇ ಹೊರತು ಹೆಮ್ಮೆಯದಲ್ಲ. ಸುತ್ತಣ ಲೋಕದ ರೂಢಿ ಅವಳ ಮೇಲೆ ಬೀರಿದ್ದ ಪ್ರಭಾವ ಅಷ್ಟು ಬಲವಾಗಿತ್ತು. ಆ ರೂಢಿಯನ್ನು ಮೀರಿ ಬದುಕುಳಿದ ಅಕ್ಕನ ನಿರ್ಧಾರವನ್ನು ಅವಳ ಎಲ್ಲ ದಾನಗಳಿಗಿಂತ ಮೊದಲು ನೆನೆಯಬೇಕು. ಏಕೆಂದರೆ ಉಳಿದ ದಾನಗಳೆಲ್ಲವೂ ಅದರಿಂದಲೇ ಹುಟ್ಟಿದುವು.

ಸಾವಿರ ಪ್ರತಿಗಳ ಲೆಕ್ಕ

ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳು. ಸಾವಿರ ಪ್ರತಿ ಎಂಬ ಮಾತು ಮುದ್ರಣಯಂತ್ರದ ಕಾಲದವರ ಕಿವಿಗೆ ಸಾಧಾರಣವಾಗಿ ಕೇಳಿಸುತ್ತದೆ. ಓಲೆಯ ಕಾಲದಲ್ಲಿ ಅದರ ಅರ್ಥವೇನೆಂಬುದನ್ನು ಲೆಕ್ಕವಿಟ್ಟು ನೋಡಬೇಕು.

ತಾಳೆಗರಿಗಳನ್ನು ಆರಿಸಿ, ಹದಗೊಳಿಸಿ, ಸಮನಾಗಿ ಕತ್ತರಿಸಿ, ರಂಧ್ರ ಮಾಡಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆ ಇಟ್ಟು ಕಟ್ಟಬೇಕು. ಅಕ್ಷರಗಳನ್ನು ಕಂಟದಿಂದ ಕೊರೆದು ಮಸಿ ಸವರಬೇಕು, ಇಲ್ಲವೆ ಲೇಖನಿಯಿಂದ ಮಸಿಯಲ್ಲಿ ಬರೆಯಬೇಕು. ಬರೆದುದನ್ನು ಮೂಲದೊಡನೆ ಹೋಲಿಸಿ ತಿದ್ದಬೇಕು. ಒಂದು ಪ್ರತಿಗೆ ನೂರು ಗರಿಗಳು ಬೇಕಾದುವೆಂದು ಊಹಿಸಿಕೊಂಡರೆ, ಸಾವಿರ ಪ್ರತಿಗೆ ಒಂದು ಲಕ್ಷ ಗರಿಗಳು. ಒಬ್ಬ ಲಿಪಿಕಾರನು ಎರಡು ತಿಂಗಳಿಗೆ ಒಂದು ಪ್ರತಿಯನ್ನು ಮುಗಿಸುವನೆಂದು ಇಟ್ಟುಕೊಂಡರೆ, ಒಬ್ಬನೇ ಬರೆಯುವುದಾದಲ್ಲಿ ನೂರ ಅರವತ್ತಾರು ವರ್ಷಗಳ ಕೆಲಸ. ಐವತ್ತು ಮಂದಿಯನ್ನು ನೇಮಿಸಿದರೂ ಮೂರು ವರ್ಷ ನಾಲ್ಕು ತಿಂಗಳು. ಅಂಕಿಗಳು ಊಹೆಯವೇ ಆದರೂ ಕಾರ್ಯದ ಗಾತ್ರವನ್ನು ತಿಳಿಸಲು ಸಾಕು. ಗರಿ ತರುವವರು, ಹದಮಾಡುವವರು, ಬರೆಯುವವರು, ತಿದ್ದುವವರು, ಅವರೆಲ್ಲರ ಅಶನವಸನ, ಮುಗಿದ ಪ್ರತಿಗಳನ್ನು ದೂರದ ಬಸದಿಗಳಿಗೆ ಸಾಗಿಸುವ ವ್ಯವಸ್ಥೆ, ಇವೆಲ್ಲವನ್ನೂ ನಡೆಸಲು ಧನವೊಂದಿದ್ದರೆ ಸಾಲದು. ಯೋಜನೆ ಬೇಕು, ವರ್ಷಗಟ್ಟಲೆ ಕುಂದದ ಸಂಕಲ್ಪ ಬೇಕು. ‘ದಾನಚಿಂತಾಮಣಿ’ ಎಂಬ ಬಿರುದು ಅವಳ ಕರುಣೆಯನ್ನು ಹೇಳುತ್ತದೆ. ಆಡಳಿತ ಸಾಮರ್ಥ್ಯವನ್ನು ಹೇಳುವ ಬಿರುದನ್ನು ಯಾರೂ ಅವಳಿಗೆ ಕೊಡಲಿಲ್ಲ.

ಫಲವೇನಾಯಿತೆಂಬುದನ್ನೂ ನೋಡಬೇಕು. ಪೊನ್ನನು ಬರೆದ ಭುವನೈಕ ರಾಮಾಭ್ಯುದಯವು ಇಂದು ನಮಗೆ ದೊರೆತಿಲ್ಲ; ಶಾಂತಿಪುರಾಣ ಉಳಿದಿದೆ. ಗ್ರಂಥಗಳ ಅಳಿವು ಉಳಿವಿಗೆ ಕಾರಣಗಳು ಹಲವು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ, ಶ್ರಾವಿಕೆಯೊಬ್ಬಳು ಸಾವಿರ ಕಡೆ ಇರಿಸಿದ ಕೃತಿ ಉಳಿಯಿತು, ಇನ್ನೊಂದು ಅಳಿಯಿತು ಎಂಬುದು ಚಿಂತನೀಯ. ರಾಜ್ಯಗಳು ಉರುಳುತ್ತಿದ್ದ ಕಾಲದಲ್ಲಿ ಗ್ರಂಥವನ್ನು ಒಂದೇ ಭಂಡಾರದಲ್ಲಿ ಇಡುವುದಕ್ಕಿಂತ ಸಾವಿರ ಮನೆ ಬಸದಿಗಳಿಗೆ ಹಂಚುವುದೇ ರಕ್ಷಣೆ ಎಂಬ ವಿವೇಕ ಅವಳ ಕಾರ್ಯದಲ್ಲಿ ಅಡಗಿದೆ.

ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಕುಲವನ್ನು ಲೆಕ್ಕಿಸದೆ ಪ್ರತಿಭೆಯನ್ನು ಪೋಷಿಸಿದ ಈ ಆಶ್ರಯವನ್ನು ರನ್ನನು ಮರೆಯಲಿಲ್ಲ. ತನ್ನ ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಗದಗದ ಸಮೀಪದ ಲಕ್ಕುಂಡಿಯಲ್ಲಿ, ಅಂದಿನ ಲೊಕ್ಕಿಗುಂಡಿಯಲ್ಲಿ, ಅವಳು ಕಟ್ಟಿಸಿದ ಬಸದಿಯನ್ನೂ ಅಲ್ಲಿಯ 1007ರ ಶಾಸನವನ್ನೂ ಯಾತ್ರಿಕರು ಇಂದಿಗೂ ಕಾಣಬಹುದು.

ಮೂಡುಬಿದಿರೆಯ ಓಲೆಗಳು

ಅತ್ತಿಮಬ್ಬೆ ಒಬ್ಬಳೇ ಅಪವಾದವೆಂದು ತಿಳಿಯಬಾರದು. ಷಟ್‌ಖಂಡಾಗಮವು ದಿಗಂಬರ ಪರಂಪರೆಯ ಅತ್ಯಂತ ಪ್ರಾಚೀನ ಸಿದ್ಧಾಂತ ಗ್ರಂಥ. ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ ಭೂತಬಲಿಗಳು ಅದನ್ನು ಗ್ರಂಥರೂಪಕ್ಕೆ ತಂದರು. ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಧವಲಾ ಟೀಕೆಯನ್ನು ರಚಿಸಿದರು. ಆ ಮಹಾಗ್ರಂಥದ ಪ್ರಾಚೀನ ಓಲೆಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಆ ಪ್ರತಿಗಳನ್ನು ಬರೆಯಿಸಿದವರಾರು?

ಧವಲಾ ಪ್ರತಿಯ ಪ್ರಶಸ್ತಿಯು, ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮಿಯ ನೋಂಪಿಯನ್ನು ಉದ್ಯಾಪಿಸಿದಾಗ ಅದನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳೆಂದು ತಿಳಿಸುತ್ತದೆ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಹೆಂಗಸರು ಮನೆಯ ಮೂಲೆಯಲ್ಲಿ ಮಾಡುವ ನೋಂಪಿಗಳೆಂದು ವಿದ್ವಾಂಸರು ಹಗುರವಾಗಿ ಕಾಣುವ ಆಚರಣೆಗಳಿಂದಲೇ ಸಿದ್ಧಾಂತದ ಓಲೆಗಳು ಹುಟ್ಟಿದುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಧುನಿಕ ಕಾಲದಲ್ಲಿಯೂ ಇದು ಮುಂದುವರಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳನ್ನು ಪ್ರತಿಮಾಡುವ ಕಾರ್ಯ ಪ್ರಾರಂಭವಾದಾಗ, ಗಜಪತಿ ಉಪಾಧ್ಯಾಯರು ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಆ ಶ್ರಮದಲ್ಲಿ ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ಪಾಲಿತ್ತು. ಹೀಗೆ ಹೊರಬಂದ ಪ್ರತಿಗಳ ಆಧಾರದಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಸಂಪುಟಗಳು ಮುದ್ರಣಗೊಂಡುವು. ಸಂಪಾದಕರನ್ನು ವಿದ್ವತ್ಸಭೆಗಳು ಸ್ಮರಿಸುತ್ತವೆ. ಲಕ್ಷ್ಮೀಬಾಯಿಯವರ ಹೆಸರು ಬಾಯಿಗೆ ಬರುವುದು ವಿರಳ.

ಬರೆಯಿಸಿದವರು, ಬರೆಯದವರು

ಇಲ್ಲಿಯವರೆಗೆ ಹೇಳಿದುದು ಕೀರ್ತಿಯ ಪಕ್ಕ. ಲೆಕ್ಕದ ಪುಸ್ತಕದಲ್ಲಿ ಜಮೆಯೊಂದನ್ನೇ ಬರೆದು ಖರ್ಚನ್ನು ಬಿಟ್ಟರೆ ಅದು ಸತ್ಯವಾದ ಲೆಕ್ಕವಾಗದು. ಆದಿಪುರಾಣದ ಪ್ರಕಾರ ವೃಷಭನಾಥ ಸ್ವಾಮಿಯು ಲಿಪಿಯನ್ನು ಮೊದಲು ಕಲಿಸಿದ್ದು ಮಗಳಾದ ಬ್ರಾಹ್ಮಿಗೆ. ಅಂಕಗಣಿತವನ್ನು ಕಲಿಸಿದ್ದು ಇನ್ನೊಬ್ಬ ಮಗಳಾದ ಸೌಂದರಿಗೆ. ಅಕ್ಷರ ಮತ್ತು ಅಂಕಿಗಳ ಮೊದಲ ವಿದ್ಯಾರ್ಥಿಗಳು ಹೆಣ್ಣುಮಕ್ಕಳೇ ಎಂದು ಸಾರುವ ಪುರಾಣವುಳ್ಳ ಸಮಾಜವಿದು. ಆದರೆ ಪಂಪನಿಂದ ಮೊದಲ್ಗೊಂಡು ಸಾಗಿದ ಜೈನ ಕಾವ್ಯಪರಂಪರೆಯಲ್ಲಿ, ಇವಳು ಬರೆದುದು ಎಂದು ನಿಸ್ಸಂದೇಹವಾಗಿ ತೋರಿಸಬಹುದಾದ ಶ್ರಾವಿಕೆಯ ಕಾವ್ಯವೊಂದೂ ಪ್ರಸಿದ್ಧಿಯಲ್ಲಿಲ್ಲ. ನಾಗಚಂದ್ರನೊಡನೆ ಸಮಸ್ಯಾಪೂರ್ತಿ ಮಾಡಿದಳೆಂದು ಹೇಳುವ ಕಂತಿಯ ಹೆಸರೊಂದಿದೆ. ಆದರೆ ಅವಳ ಐತಿಹಾಸಿಕತೆಯ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಕ್ಕಮಹಾದೇವಿಯೂ ಸೇರಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ವಚನಗಳು ಉಳಿದುಬಂದಿರುವುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಸಾವಿರ ಪ್ರತಿ ಮಾಡಿಸಿದವಳ ಬಗ್ಗೆ ನಮಗೆ ತಿಳಿದಿರುವುದೆಲ್ಲ ಕವಿಯೂ ಶಾಸನಕಾರನೂ ಹೇಳಿದುದು. ಅವಳೇ ಹೇಳಿದ ಒಂದು ಮಾತೂ ನಮ್ಮಲ್ಲಿಲ್ಲ.

ಸ್ತ್ರೀಯ ಅಧಿಕಾರದ ಪ್ರಶ್ನೆಯನ್ನು ಪ್ರಾಚೀನರು ಎತ್ತಲೇ ಇಲ್ಲವೆಂದಲ್ಲ. ಕನ್ನಡ ನಾಡಿನಲ್ಲಿ ಪ್ರಬಲವಾಗಿದ್ದ ಯಾಪನೀಯ ಸಂಘದವರು ಸ್ತ್ರೀಗೆ ಅದೇ ಭವದಲ್ಲಿ ಮೋಕ್ಷ ಸಾಧ್ಯವೆಂದರು. ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ಇದಕ್ಕಾಗಿ ಸ್ತ್ರೀನಿರ್ವಾಣ ಪ್ರಕರಣವೆಂಬ ಗ್ರಂಥವನ್ನೇ ರಚಿಸಿದನು. ರತ್ನತ್ರಯಕ್ಕೂ ಸ್ತ್ರೀತ್ವಕ್ಕೂ ವಿರೋಧವಿಲ್ಲವೆಂದೂ, ಮಮತೆಯಿಲ್ಲದೆ ಧರಿಸಿದ ವಸ್ತ್ರವು ಪಿಂಛದಂತೆ ಸಂಯಮದ ಸಾಧನವೇ ಹೊರತು ಪರಿಗ್ರಹವಲ್ಲವೆಂದೂ ಅವನ ವಾದ. ದಿಗಂಬರಾಚಾರ್ಯರು ಇದನ್ನು ಒಪ್ಪಲಿಲ್ಲ. ಸರ್ವಸಂಗ ಪರಿತ್ಯಾಗದಲ್ಲಿ ವಸ್ತ್ರತ್ಯಾಗವೂ ಸೇರಿದೆಯೆಂಬುದು ಅವರ ಸಿದ್ಧಾಂತ. ಈ ಇಡೀ ವಾದಸರಣಿಯನ್ನು ಇಂಗ್ಲಿಷಿಗೆ ಅನುವಾದಿಸಿ 1991ರಲ್ಲಿ ಗ್ರಂಥವಾಗಿ ಪ್ರಕಟಿಸಿದವರು, ಮೂಡುಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ ಜನಿಸಿ ಅಮೆರಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು.

ಸಿದ್ಧಾಂತದ ತೀರ್ಪು ಇಲ್ಲಿಯ ಉದ್ದೇಶವಲ್ಲ. ಗಮನಿಸಬೇಕಾದುದು ಬೇರೆ. ಶತಮಾನಗಳ ಕಾಲ ನಡೆದ ಈ ವಾದದಲ್ಲಿ ಪೂರ್ವಪಕ್ಷವೂ ಪುರುಷರದು, ಉತ್ತರಪಕ್ಷವೂ ಪುರುಷರದು. ಯಾರ ಮೋಕ್ಷದ ವಿಷಯ ಚರ್ಚೆಗೆ ಬಂದಿತ್ತೋ ಅವರ ಮಾತು ಆ ಗ್ರಂಥಗಳಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಆರ್ಯಿಕೆಯರು ಇದ್ದರು, ಶ್ರಾವಿಕೆಯರು ಇದ್ದರು. ಅವರನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ.

ದಾನಕ್ಕೆ ಮೊದಲು ಹಕ್ಕು

ಕೊಡುವವರ ಕೈಯಲ್ಲಿ ಸ್ವತ್ತು ಇದ್ದಾಗ ಮಾತ್ರ ದಾನ. ಅತ್ತಿಮಬ್ಬೆ ಪತಿಯ ಮರಣಾನಂತರವೂ ಅಪಾರ ದ್ರವ್ಯವನ್ನು ವಿನಿಯೋಗಿಸಿದಳೆಂದರೆ ಅವಳ ಮಾತಿಗೆ ಮನೆಯಲ್ಲಿ ಬೆಲೆಯಿತ್ತೆಂದು ತಿಳಿಯಬೇಕು. ಅವಳಿಗಿಂತ ಸುಮಾರು ಎರಡು ತಲೆಮಾರು ಹಿಂದೆ, 911ರ ಸುಮಾರಿನಲ್ಲಿ, ಪತಿಯ ಮರಣದ ನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ಜಕ್ಕಿಯಬ್ಬೆ ವಹಿಸಿಕೊಂಡು ಸಮರ್ಥಳಾಗಿ ನಡೆಸಿದಳು. ಕೊನೆಗೆ ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. ಮಗಳಿಗೆ ಅಧಿಕಾರ ಸಲ್ಲುವುದು ಅಸಂಭವವೆಂದು ಅಂದಿನವರು ಭಾವಿಸಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಜೈನರ ರೂಢಿ ಬೇರೆಯೇ ಎಂಬ ವಾದವು ನ್ಯಾಯಾಲಯಗಳ ಮುಂದೆ ಬಂತು. ಉತ್ತರ ಭಾರತದ ಜೈನ ಅಗರವಾಲರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ 1878ರಲ್ಲಿ ಪ್ರಿವಿ ಕೌನ್ಸಿಲು, ಪುತ್ರರಿಲ್ಲದ ವಿಧವೆಗೆ ಪತಿಯ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕಿದೆಯೆಂದೂ ಪತಿಯ ಅನುಮತಿಯಿಲ್ಲದೆ ದತ್ತು ಸ್ವೀಕರಿಸಬಹುದೆಂದೂ ಆ ಸಮುದಾಯದ ರೂಢಿಯನ್ನು ಮಾನ್ಯಮಾಡಿತು. ಇತರ ವಿಧವೆಯರಿಗೆ ಜೀವಮಾನಪರ್ಯಂತ ಅನುಭೋಗದ ಹಕ್ಕು ಮಾತ್ರವಿದ್ದ ಕಾಲವದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸಿ ಸ್ತ್ರೀಯರಿಗೆ ತಮ್ಮ ಸ್ವತ್ತಿನ ಮೇಲೆ ಪೂರ್ಣ ಒಡೆತನವನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಪಾಲುದಾರರನ್ನಾಗಿ ಮಾಡಿದುವು.

ಕಾನೂನು ಕೊಟ್ಟುದನ್ನು ಮನೆ ಕೊಡುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ವಿವಾಹದಲ್ಲಿ ಖರ್ಚು ಮಾಡಿದ್ದೇವೆಂದು ಹೇಳಿ ಹೆಣ್ಣುಮಕ್ಕಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಮಾಡಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಸಹೋದರಿಯ ಪಾಲನ್ನು ಹೀಗೆ ಪಡೆದು, ಅದರಿಂದಲೇ ತೀರ್ಥಂಕರರ ಬಿಂಬಪ್ರತಿಷ್ಠೆ ಮಾಡಿಸಿದರೆ ಅಚೌರ್ಯವ್ರತ ಉಳಿಯಿತೇ ಎಂದು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ಕೇಳಿಕೊಳ್ಳಬೇಕು.

ಆರಾದಿಂದ ಮೈಸೂರಿನವರೆಗೆ

ಇಪ್ಪತ್ತನೆಯ ಶತಮಾನದಲ್ಲಿ ಗ್ರಂಥ ಮತ್ತು ಸ್ತ್ರೀಶಿಕ್ಷಣಗಳು ಒಂದೇ ಸೂರಿನಡಿ ಸೇರಿದ ಉದಾಹರಣೆಯು ಬಿಹಾರದ ಆರಾದಲ್ಲಿದೆ. 1903ರಲ್ಲಿ ಬಾಬು ದೇವಕುಮಾರರು ಅಲ್ಲಿ ಜೈನ ಸಿದ್ಧಾಂತ ಭವನವನ್ನು ಸ್ಥಾಪಿಸಿ, ದಕ್ಷಿಣದ ಓಲೆಗ್ರಂಥಗಳನ್ನೂ ಸಂಗ್ರಹಿಸಿದರು. ನಮ್ಮ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ದೇವಕುಮಾರರ ತಮ್ಮನ ಪತ್ನಿ ಚಂದಾಬಾಯಿಯವರು (1890–1977) ಬಾಲ್ಯದಲ್ಲಿಯೇ ವಿಧವೆಯಾದವರು. ಕುಟುಂಬವು ಅವರನ್ನು ಮೂಲೆಗೆ ತಳ್ಳದೆ ಓದಿಸಿತು. ಅವರು ಪಂಡಿತೆಯಾಗಿ, 1921ರಲ್ಲಿ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿ ವಿಧವೆಯರಿಗೂ ಬಾಲಿಕೆಯರಿಗೂ ವಿದ್ಯೆ ಕೊಡಿಸಿದರು. ‘ಜೈನ ಮಹಿಲಾದರ್ಶ’ ಪತ್ರಿಕೆಯನ್ನು ಸಂಪಾದಿಸಿದರು. ಅತ್ತಿಮಬ್ಬೆಗೆ ಸಿಗದ ಲೇಖನಿ ಚಂದಾಬಾಯಿಯವರ ಕೈಗೆ ಬಂದಿತು.

ಕನ್ನಡದಲ್ಲಿ ಈ ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಪ್ರಮುಖರು ವಿಜಯಾ ದಬ್ಬೆ (1951–2018). ಬೇಲೂರು ತಾಲೂಕಿನ ದಬ್ಬೆ ಗ್ರಾಮದವರಾದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದು, ನಾಗಚಂದ್ರನ ಕಾವ್ಯಗಳ ಮೇಲೆ ಸಂಶೋಧನೆ ನಡೆಸಿದರು. ಹಳಗನ್ನಡದ ಆಳವಾದ ಪರಿಚಯವಿದ್ದವರೇ ಮೈಸೂರಿನಲ್ಲಿ ಸಮತಾ ವೇದಿಕೆಯ ಮೂಲಕ ಸ್ತ್ರೀಯರ ಹಕ್ಕುಗಳಿಗಾಗಿ ದುಡಿದರು ಎಂಬುದು ಗಮನಾರ್ಹ. ‘ಮಹಿಳೆ, ಸಾಹಿತ್ಯ, ಸಮಾಜ’ ಮೊದಲಾದ ಕೃತಿಗಳಲ್ಲಿ ಅವರು ಸಾಹಿತ್ಯ ಚರಿತ್ರೆಯನ್ನು ಮರುಓದಿಗೆ ಒಳಪಡಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾಗಿ, 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಪ್ರಾರಂಭಿಸಿ, ಸ್ವತಃ ಬರೆದು ಪ್ರಕಟಿಸಿದ ನಂಜನಗೂಡು ತಿರುಮಲಾಂಬ (1887–1982) ಅವರನ್ನು ಕನ್ನಡಿಗರು ಮರೆತೇಬಿಟ್ಟಿದ್ದರು. ಅವರ ಸಾಧನೆಯನ್ನು ‘ಹಿತೈಷಿಣಿಯ ಹೆಜ್ಜೆಗಳು’ ಗ್ರಂಥದ ಮೂಲಕ ದಬ್ಬೆಯವರು ಮತ್ತೆ ಬೆಳಕಿಗೆ ತಂದರು. ಮರೆತ ಹೆಸರನ್ನು ಗ್ರಂಥಕ್ಕೆ ಏರಿಸುವುದೂ ಒಂದು ಬಗೆಯ ಶಾಸ್ತ್ರದಾನವೇ.

ಬಸದಿಗಳ ಕರ್ತವ್ಯ

ಅತ್ತಿಮಬ್ಬೆಯ ಹೆಸರಿನಲ್ಲಿ ಇಂದು ಪ್ರಶಸ್ತಿಗಳಿವೆ, ಸಭಾಭವನಗಳಿವೆ, ಮಹಿಳಾ ಸಂಘಗಳಿವೆ. ಇವು ಬೇಕು, ಆದರೆ ಇಷ್ಟೇ ಸಾಲದು. ಬಸದಿಯ ಪೂಜೆಗೂ ನೈವೇದ್ಯಕ್ಕೂ ಹೆಣ್ಣುಮಕ್ಕಳ ಶ್ರಮ ಬೇಕು, ನೋಂಪಿಯ ಉದ್ಯಾಪನೆಗೆ ಅವರ ಕಾಣಿಕೆ ಬೇಕು. ಆಯವ್ಯಯ ಪತ್ರವನ್ನು ಮಂಡಿಸುವ ಸಭೆಯಲ್ಲಿ ಮಾತ್ರ ಅವರಿಗೆ ಆಸನವಿಲ್ಲವೆಂದರೆ, ಅದು ಸಾವಿರ ಪ್ರತಿಗಳ ಲೆಕ್ಕವನ್ನು ನಡೆಸಿದವಳಿಗೆ ತೋರುವ ಗೌರವವಲ್ಲ. ಧರ್ಮದರ್ಶಿ ಮಂಡಳಿಗಳಲ್ಲಿ ಸ್ತ್ರೀಯರು ಅಲಂಕಾರಕ್ಕಾಗಿ ಒಬ್ಬರೆಂಬಂತೆ ಇರದೆ, ರುಜು ಮಾಡುವ ಅಧಿಕಾರವುಳ್ಳವರಾಗಿ ಇರಬೇಕು. ಬಸದಿಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಉಳಿದಿರುವ ಓಲೆಕಟ್ಟುಗಳ ಕೊನೆಯ ಗರಿಯನ್ನು ಓದಿ, ಬರೆಯಿಸಿದವರ ಹೆಸರುಗಳನ್ನು ಪಟ್ಟಿಮಾಡಿಸಬೇಕು. ಹಳಗನ್ನಡ ಮತ್ತು ಪ್ರಾಕೃತಗಳನ್ನು ಕಲಿಯಬಯಸುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನವನ್ನು ಪ್ರತಿಷ್ಠಾ ಮಹೋತ್ಸವದ ಖರ್ಚಿನಷ್ಟೇ ಉತ್ಸಾಹದಿಂದ ಒದಗಿಸಬೇಕು.

ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಪದ್ಧತಿ. ಧರಸೇನ, ಪುಷ್ಪದಂತ, ಭೂತಬಲಿಗಳ ನಾಮಸ್ಮರಣೆಯಾದ ಮೇಲೆ ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆ ಮತ್ತು ಲಕ್ಷ್ಮೀಬಾಯಿಯವರ ಹೆಸರುಗಳನ್ನೂ ಹೇಳುವುದರಿಂದ ಯಾವ ಶಾಸ್ತ್ರಕ್ಕೂ ವಿರೋಧ ಬಾರದು. ಬಳಿಕ ಆ ಕಟ್ಟನ್ನು ಬಿಚ್ಚಿ ಮೊದಲ ಪುಟವನ್ನು ಓದಲು ಮನೆಯ ಮಗಳ ಕೈಗೆ ಕೊಟ್ಟರೆ, ಬ್ರಾಹ್ಮಿಗೆ ಕಲಿಸಿದ ಅಕ್ಷರವನ್ನು ಬ್ರಾಹ್ಮಿಯ ಸಂತತಿಗೆ ಹಿಂದಿರುಗಿಸಿದಂತಾಗುತ್ತದೆ.